ಮಂದಿ ಕೈಗೆ ಕೆತ್ತಿದ ಪಿಸ್ತೂಲು ನಮಗ್ಯಾಕ?

ಮೊದಲೇ ಹೇಳಿಬಿಡ್ತೀನಿ, ಇದನ್ನ ಓದಿ ಕೆಲವರಿಗೆ ಸಿಟ್ಟು ಬರುತ್ತೆ. ಬರಲಿ. ಎರಡು ವರ್ಷದಿಂದ ಹೊಟ್ಟೆಯೊಳಗೆ ಇಟ್ಟುಕೊಂಡು ಕೂತ ಮಾತು ಇದು. ಈ ಬ್ಲಾಗಿನಲ್ಲಿ ಇಷ್ಟು ದಿನ ಲೇತ್ ಮಷೀನು, ದಾಲ್ ಮಿಲ್ಲು, ಬೇಸಿಗೆ, ರೈಲು ಅಂತ ಬರೆದುಕೊಂಡಿದ್ದವನು ಇವತ್ತು ಏಕಾಏಕಿ ಪಿಸ್ತೂಲು ಹಿಡಿದನಲ್ಲ ಅಂತ ಗಾಬರಿ ಆಗಬೇಡಿ. ಇದು ಆಟದ ಪಿಸ್ತೂಲು. ಗಾಳಿಯಿಂದ ಓಡುತ್ತೆ, ಹತ್ತು ಮೀಟರ್ ದೂರದ ಗುರಿಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಸೀಸದ ಪೆಲೆಟ್ ಹೊಡೆಯುತ್ತೆ, ಅಷ್ಟೇ.

ನಂದೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನ ಶೆಡ್ಡು ಇರೋದು ನಿಮಗೆಲ್ಲ ಗೊತ್ತೇ ಇದೆ. ಒಂದು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಒಂದು ವೆಲ್ಡಿಂಗ್ ಸೆಟ್ಟು. ಸುತ್ತಮುತ್ತಲಿನ ದಾಲ್ ಮಿಲ್ಲುಗಳ ಶಾಫ್ಟು, ಪುಲ್ಲಿ, ಬೇರಿಂಗ್ ಮನೆ, ಇವೇ ನನ್ನ ಅನ್ನ. ಈಗ ಎರಡು ಮೂರು ವರ್ಷದಿಂದ ಒಂದು ಹೊಸ ಗಿರಾಕಿ ಜಾತಿ ಹುಟ್ಟಿಕೊಂಡಿದೆ. ಟವೆಲ್ಲಿನಲ್ಲಿ ಸುತ್ತಿದ ಏನೋ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬರ್ತಾರೆ.

"ಅಣ್ಣಾರ, ಇದರ ಟ್ರಿಗರ್ ಸ್ವಲ್ಪ ಹಗುರ ಮಾಡಿಕೊಡ್ರಿ."

"ಈಗ ಎಷ್ಟದಪಾ?"

"ಗೊತ್ತಿಲ್ರಿ."

"ಮತ್ತ ಹಗುರ ಯಾಕ ಬೇಕು?"

"ಯೂಟ್ಯೂಬ್‌ನ್ಯಾಗ ನೋಡೀನ್ರಿ. ಕಸ್ಟಮ್ ಮಾಡಿಸಿದ್ರ ಸ್ಕೋರ್ ಬರ್ತದಂತ."

ಕಸ್ಟಮ್! ಈ ಒಂದು ಶಬ್ದ ನಮ್ಮ ಹುಡುಗರ ತಲೆ ತಿಂದಿದೆ. ಇನ್ನೊಂದು ಕಡೆ ಅನುಭವಸ್ಥರು ಅನ್ನಿಸಿಕೊಂಡವರು ಇದ್ದಾರೆ. ಅವರದು ಒಂದೇ ರಾಗ: "ಪಿಸ್ತೂಲಿಗೆ ಕೈ ಹಚ್ಚಬ್ಯಾಡ, ಮೊದಲು ಹೊಡೆಯೋದು ಕಲಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತ."

ನನ್ನ ಜಗಳ ಈ ಇಬ್ಬರ ಜೊತೆಗೂ ಇದೆ. ಮೊದಲನೆಯವರು ಮುಟ್ಟಬಾರದ್ದನ್ನು ಮುಟ್ಟುತ್ತಾರೆ. ಎರಡನೆಯವರು ಮುಟ್ಟಲೇಬೇಕಾದ್ದನ್ನು ಮುಟ್ಟಗೊಡೋದಿಲ್ಲ. ನಡುವೆ ಸಾಯೋದು ತೊಗರಿ ಮಾರಿ ಪಿಸ್ತೂಲು ಕೊಂಡ ಅಪ್ಪ ಅವ್ವ.

ನನ್ನ ತಪ್ಪಿನ ಕಥೆ

ಬೇರೆಯವರಿಗೆ ಬೈಯುವ ಮೊದಲು ನನ್ನ ತಪ್ಪು ಒಪ್ಪಿಕೊಳ್ಳಬೇಕು.

ನನ್ನ ಅಕ್ಕನನ್ನು ಕೊಟ್ಟಿದ್ದು ಕಮಲಾಪುರದ ಕಡೆ ಒಂದು ಹಳ್ಳಿಗೆ. ಭಾವನಿಗೆ ಸ್ವಲ್ಪ ತೊಗರಿ ಹೊಲ, ಒಂದಿಷ್ಟು ಕೆಂಪು ಬಾಳೆ. ಅವರ ಮಗಳು ಕಲಬುರಗಿಯಲ್ಲಿ ಕಾಲೇಜು ಓದಲು ನಮ್ಮ ಮನೆಯಲ್ಲೇ ಇದ್ದಾಳೆ. ಎನ್‌ಸಿಸಿಯಲ್ಲಿ ರೈಫಲ್ ಹಿಡಿದಳು, ಚೆನ್ನಾಗಿ ಹೊಡೆದಳು, ಅಲ್ಲಿಂದ ಪಿಸ್ತೂಲಿನ ಹುಚ್ಚು ಹತ್ತಿತು. ಭಾವ ಆ ವರ್ಷದ ತೊಗರಿ ದುಡ್ಡು ಹೆಚ್ಚುಕಡಿಮೆ ಪೂರ್ತಿ ನನ್ನ ಕೈಗಿಟ್ಟು, "ನಿನಗ ಮಷೀನಿಂದು ತಿಳೀತದ, ನೀನೇ ನೋಡಿ ಕೊಡಿಸು" ಅಂದ.

ನಾನು ನೋಡಿ ಕೊಡಿಸಿದೆ. ದೂರದ ಊರಿನ ಒಬ್ಬರಿಂದ, ಸೆಕೆಂಡ್ ಹ್ಯಾಂಡ್, ವಿದೇಶಿ ಮಾಲು. "ಫುಲ್ ಕಸ್ಟಮ್ ಆಗಿದೆ ಸಾರ್, ಹಿಡಿಯೆಲ್ಲ ಸ್ಪೆಷಲ್ ಕೆತ್ತಿಸಿದ್ದು, ಟ್ರಿಗರ್ ಬೆಣ್ಣೆ ಇದ್ದಂಗಿದೆ" ಅಂದರು. ಅದಕ್ಕೇ ನಾಲ್ಕು ಕಾಸು ಜಾಸ್ತಿಯೂ ಕೊಟ್ಟೆ. ದಾಲ್ ಮಿಲ್ಲಿನವನಾಗಿ ನನಗೆ ಬುದ್ಧಿ ಇರಬೇಕಿತ್ತು. ತೊಗರಿಗೆ ಇಟ್ಟ ಗ್ಯಾಪಿನಲ್ಲಿ ಕಡಲೆ ಹಾಕಿದರೆ ಬೇಳೆ ಬರೋದಿಲ್ಲ, ನುಚ್ಚು ಬರುತ್ತೆ ಅಂತ ದಿನಾ ಹೇಳುವವನು ನಾನೇ. ಆರಡಿ ಗಂಡಸಿನ ಕೈಗೆ ಕೆತ್ತಿದ ಹಿಡಿಯನ್ನು ಹತ್ತೊಂಬತ್ತು ವರ್ಷದ ಹುಡುಗಿಯ ಕೈಗೆ ಕೊಟ್ಟೆ.

ಅವಳ ತೋರುಬೆರಳು ಟ್ರಿಗರಿಗೆ ಪೂರ್ತಿ ಮುಟ್ಟುತ್ತಿರಲಿಲ್ಲ. ಬರೀ ತುದಿ ತಾಗುತ್ತಿತ್ತು. ತುದಿಯಿಂದ ಎಳೆದರೆ ಬೆರಳು ನೇರ ಹಿಂದಕ್ಕೆ ಬರೋದಿಲ್ಲ, ಪಕ್ಕಕ್ಕೆ ತಳ್ಳುತ್ತೆ. ಬಲಗೈಯವರಿಗೆ ಗುಂಡು ಎಡಕ್ಕೆ ಹೋಗುತ್ತೆ. ದಿನಾ ಎಡಕ್ಕೆ. ಅವಳು "ಮಾಮಾ, ಟ್ರಿಗರ್ ಗಟ್ಟಿ ಅದ ಅನಸ್ತದ" ಅಂದಳು. ಕೈ ಸಣ್ಣದು, ಹಿಡಿ ದೊಡ್ಡದು ಅಂತ ಹೇಳಲು ಅವಳಿಗೆ ತಿಳಿಯಲಿಲ್ಲ, ಕೇಳಿಸಿಕೊಳ್ಳಲು ನನಗೆ ತಿಳಿಯಲಿಲ್ಲ. ನಾನು ಟ್ರಿಗರ್ ಬಿಚ್ಚಿ ಕೂತೆ.

ನಿಯಮ ಗೊತ್ತಿತ್ತು. 10 ಮೀಟರ್ ಏರ್ ಪಿಸ್ತೂಲಿನಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಬೇಕು. ನಾನು ಲೇತಿನಲ್ಲಿ ಒಂದು ಹಿತ್ತಾಳೆ ತೂಕ ಮಾಡಿದೆ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ, 502 ಅಂತ ತೋರಿಸಿತು. ಅದಕ್ಕೆ ಸರಿಯಾಗಿ ಹೊಂದಿಸಿ ಭೇಷ್ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ರಾಜ್ಯ ಮಟ್ಟದ ಒಂದು ಸ್ಪರ್ಧೆ. ರಾತ್ರಿಯೆಲ್ಲ ರೈಲಿನಲ್ಲಿ ಕೂತು ಹೋದೆವು. ಆಟಕ್ಕೆ ಮೊದಲಿನ ತಪಾಸಣೆಯಲ್ಲಿ ಹೆಂಗೋ ತೂಕ ಎತ್ತಿತು. ಹುಡುಗಿ ಅವತ್ತು ತನ್ನ ಜೀವಮಾನದಲ್ಲೇ ಒಳ್ಳೆ ಆಟ ಆಡಿದಳು. ಆಟ ಮುಗಿದ ಮೇಲೆ ಕೆಲವರ ಪಿಸ್ತೂಲು ಮತ್ತೆ ತಪಾಸಣೆಗೆ ಕರೀತಾರೆ. ಇವಳದೂ ಕರೆದರು. ನಳಿಗೆ ನೆಟ್ಟಗೆ ಮೇಲಕ್ಕೆ ಹಿಡಿದು, ಟ್ರಿಗರಿಗೆ ತೂಕ ಸಿಕ್ಕಿಸಿ ಎತ್ತಬೇಕು. ಮೂರು ಅವಕಾಶ. ಒಂದು ಸಲ ಎತ್ತಿದರು, ಟಕ್ ಅಂತ ಬಿಟ್ಟಿತು. ಎರಡನೇ ಸಲ, ಟಕ್. ಮೂರನೇ ಸಲ ಅವಳು ನನ್ನ ಮುಖ ನೋಡಿದಳು. ಟಕ್.

ಸ್ಪರ್ಧೆಯಿಂದ ಹೊರಗೆ. ಹೊಡೆದ ಅಂಕಗಳೆಲ್ಲ ಮಣ್ಣು.

ಅಧಿಕಾರಿಗಳ ತಪ್ಪು ಎಳ್ಳಷ್ಟೂ ಇಲ್ಲ, ಅವರು ನಿಯಮದಂತೆ ನಡೆದರು. ನಾನು ಆಮೇಲೆ ಬಿಚ್ಚಿ ನೋಡಿದಾಗ ಗೊತ್ತಾಗಿದ್ದು ಇಷ್ಟು: ಮೊದಲಿನ ಯಾರೋ ಪುಣ್ಯಾತ್ಮರು ಟ್ರಿಗರಿನ ಒಳಗಿನ ಕೊಂಡಿಯನ್ನು ಉಜ್ಜಿ 'ಬೆಣ್ಣೆ' ಮಾಡಿದ್ದರು. ಮೇಲಿನ ಗಟ್ಟಿ ಪದರ ಹೋಗಿ, ಪ್ರತಿ ಗುಂಡಿಗೂ ಒಂದಿಷ್ಟು ಸವೆಯುತ್ತಿತ್ತು. ಅದರ ಮೇಲೆ ನಾನು ಎರಡೇ ಗ್ರಾಂ ಅಂತರ ಇಟ್ಟು ಹೊಂದಿಸಿದ್ದೆ, ಅದೂ ಕಿರಾಣಿ ತಕ್ಕಡಿ ನಂಬಿ! ರೈಲಿನಲ್ಲಿ ವಾಪಸ್ ಬರುವಾಗ ಹುಡುಗಿ ಒಂದು ಮಾತೂ ಆಡಲಿಲ್ಲ. ವಾಡಿ ಜಂಕ್ಷನ್ ದಾಟಿದ ಮೇಲೆ, "ಮಾಮಾ, ಅಪ್ಪಗ ನೀ ಹೇಳಬ್ಯಾಡ, ನಾ ಹೇಳ್ತೀನಿ" ಅಂದಳು. ನನಗೆ ಅದಕ್ಕಿಂತ ನಾಲ್ಕು ಏಟು ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು.

ಹಾಗಾಗಿ ಟವೆಲ್ಲಿನಲ್ಲಿ ಸುತ್ತಿಕೊಂಡು ಬರುವವರಿಗೆ ಈಗ ನಾನು ಹೇಳುವ ಮೊದಲ ಮಾತು: ಟ್ರಿಗರಿನ ಒಳಗಿನ ಕಬ್ಬಿಣ ಉಜ್ಜೋದಿಲ್ಲ. ಎಷ್ಟು ದುಡ್ಡು ಕೊಟ್ಟರೂ ಇಲ್ಲ. ಹೊರಗಿನ ತಿರುಪು ತಿರುಗಿಸಿ ಎಷ್ಟು ಹೊಂದುತ್ತೋ ಅಷ್ಟೇ. ಅದೂ 500ಕ್ಕೆ ಅಲ್ಲ, 520, 530ಕ್ಕೆ. ಆ ಇಪ್ಪತ್ತು ಮೂವತ್ತು ಗ್ರಾಮಿನಿಂದ ಯಾರೂ ಸೋತಿಲ್ಲ. ಅದಿಲ್ಲದೆ ಸೋತವಳು ನಮ್ಮ ಮನೆಯಲ್ಲಿದ್ದಾಳೆ.

ಒಂದು ಸಣ್ಣ ಲೆಕ್ಕ

ಈಗ ಎರಡನೇ ಗುಂಪಿಗೆ ಬರೋಣ. "ಎಲ್ಲಾ ಕೈಯ್ಯಾಗದ, ಪಿಸ್ತೂಲಿನ್ಯಾಗ ಏನೂ ಇಲ್ಲ" ಅನ್ನುವವರು. ಇವರು ಈಗೀಗ ಟರ್ಕಿಯ ಯೂಸುಫ್ ದಿಕೆಚ್ ಅವರ ಫೋಟೋ ತೋರಿಸ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಒಂದು ಕೈ ಜೇಬಿನಲ್ಲಿ ಇಟ್ಟುಕೊಂಡು, ಮಾಮೂಲಿ ಟೀ ಶರ್ಟು, ಮಾಮೂಲಿ ಕನ್ನಡಕದಲ್ಲಿ ನಿಂತು 10 ಮೀಟರ್ ಮಿಶ್ರ ತಂಡದ ಬೆಳ್ಳಿ ಗೆದ್ದರಲ್ಲ, ಅವರು. "ನೋಡು, ಏನೂ ಇಲ್ಲದೆ ಗೆದ್ದ" ಅಂತ ಜಗತ್ತೆಲ್ಲ ಕುಣಿಯಿತು.

ಏನೂ ಇಲ್ಲದೆ? ಆ ಫೋಟೋದಲ್ಲಿ ಎಲ್ಲರೂ ಜೇಬು ನೋಡಿದರು, ಕನ್ನಡಕ ನೋಡಿದರು. ಬಲಗೈಯಲ್ಲಿ ಏನಿತ್ತು ಅಂತ ಯಾರೂ ನೋಡಲಿಲ್ಲ. ಅದು ಸ್ಪರ್ಧೆಗೆಂದೇ ಮಾಡಿದ ಪಿಸ್ತೂಲು. ಅಂಗೈ ಸುತ್ತ ಕೂರುವ ಹಿಡಿ, ಕೆಳಗೆ ಅಂಗೈ ಊರಲು ತಟ್ಟೆ ಇರುವಂಥದ್ದು. ಅವರು ಬಿಟ್ಟಿದ್ದು ಕಣ್ಣಿನ ಮುಂದಿನ ಸಲಕರಣೆಗಳನ್ನು. ಕೈಯೊಳಗಿನದನ್ನು ಬಿಡಲಿಲ್ಲ.

ಹಿಡಿ ಯಾಕೆ ಅಷ್ಟು ಮುಖ್ಯ? ನಂಬಿಕೆ ಮಾತು ಬೇಡ, ಲೆಕ್ಕ ಹಾಕೋಣ.

10 ಮೀಟರ್ ಗುರಿಯಲ್ಲಿ ಹತ್ತರ ವೃತ್ತದ ಅಗಲ 11.5 ಮಿ.ಮೀ. ಅಂದರೆ ನಡುವಿನಿಂದ ಅಂಚಿಗೆ 5.75 ಮಿ.ಮೀ. ಪಿಸ್ತೂಲಿನ ಹಿಂದಿನ ಸೈಟಿನಿಂದ ಮುಂದಿನ ಸೈಟಿಗೆ ಸುಮಾರು 350 ಮಿ.ಮೀ. ಅಂತ ಇಟ್ಟುಕೊಳ್ಳಿ. ಈಗ ಎರಡು ತರದ ತಪ್ಪು ನೋಡಿ.

ಒಂದು: ತೋಳು ಪೂರ್ತಿ ಅಲುಗಿತು, ಆದರೆ ಎರಡೂ ಸೈಟು ಒಂದೇ ಸಾಲಿನಲ್ಲಿವೆ. ತೋಳು 5 ಮಿ.ಮೀ. ಪಕ್ಕಕ್ಕೆ ಹೋದರೆ ಗುಂಡೂ ಗುರಿಯಲ್ಲಿ ಸುಮಾರು 5 ಮಿ.ಮೀ. ಪಕ್ಕಕ್ಕೆ ಹೋಗುತ್ತೆ. ಇನ್ನೂ ಹತ್ತೇ.

ಎರಡು: ತೋಳು ಗಟ್ಟಿ ನಿಂತಿದೆ, ಆದರೆ ಮಣಿಕಟ್ಟು ಒಂಚೂರು ತಿರುಗಿತು. ಮುಂದಿನ ಸೈಟು ಹಿಂದಿನ ಕಚ್ಚಿನೊಳಗೆ 1 ಮಿ.ಮೀ. ಸರಿಯಿತು. ಹತ್ತು ಮೀಟರ್ ಅಂದರೆ 10,000 ಮಿ.ಮೀ. ಅದನ್ನು 350ರಿಂದ ಭಾಗಿಸಿ. 28ಕ್ಕೂ ಹೆಚ್ಚು. ಅಂದರೆ ಕೈಯಲ್ಲಿ 1 ಮಿ.ಮೀ. ತಪ್ಪು ಗುರಿಯಲ್ಲಿ 28 ಮಿ.ಮೀ. ಆಗುತ್ತೆ! ಮುಂದಿನ ಸೈಟು ಬರೀ 0.2 ಮಿ.ಮೀ. ಸರಿದರೂ ಗುಂಡಿನ ನಡು ಹತ್ತರ ಅಂಚಿಗೆ ಬಂದು ನಿಲ್ಲುತ್ತೆ. 0.2 ಮಿ.ಮೀ. ಅಂದರೆ ಎರಡು ಹಾಳೆ ಕಾಗದದ ದಪ್ಪ ಅಷ್ಟೇ.

ತೋಳಿನ ತಪ್ಪು ಇದ್ದಷ್ಟೇ ಇರುತ್ತೆ. ಮಣಿಕಟ್ಟಿನ ತಪ್ಪು ಇಪ್ಪತ್ತೆಂಟು ಪಟ್ಟು ಆಗುತ್ತೆ. ಆ ಮಣಿಕಟ್ಟನ್ನು ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲಿಸೋದು ಏನು? ಹಿಡಿ. ಅರವತ್ತು ಗುಂಡು, 75 ನಿಮಿಷ. ಪ್ರತಿ ಗುಂಡಿಗೂ ಕೈ ಇಳಿಸಿ ಮತ್ತೆ ಎತ್ತಬೇಕು. ಹಿಡಿ ಕೈಗೆ ಕೂರದಿದ್ದರೆ ಪ್ರತಿ ಸಲವೂ ಬೆರಳು ಬೇರೆ ಜಾಗ, ಬಿಗಿ ಬೇರೆ, ಕೋನ ಬೇರೆ. ಅದನ್ನು ಸರಿಮಾಡಲು ಸ್ನಾಯು ಬಿಗಿ ಹಿಡೀತಾರೆ, ಹತ್ತು ಗುಂಡಿಗೆ ಕೈ ನಡುಗುತ್ತೆ, ಆಮೇಲೆ "ಇವಳಿಗೆ ಧೈರ್ಯ ಇಲ್ಲ" ಅಂತ ಹೇಳೋದು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಸರಿ. ಆದರೆ ನೆಲ ಖರೆನೇ ಡೊಂಕು ಇದ್ದರೆ? ಒಬ್ಬರಾದರೂ ಬಗ್ಗಿ ನೋಡಬೇಕಲ್ಲ!

ಹಾಗಾದರೆ ಯಾವುದನ್ನು ಕೊಳ್ಳಬೇಕು?

ಇಲ್ಲಿಗೆ ಬಂತು ನೋಡಿ ನನ್ನ ನಿಜವಾದ ವಾದ. ನಮ್ಮವರು ಪಿಸ್ತೂಲು ಕೊಳ್ಳುವಾಗ ಕೇಳುವ ಪ್ರಶ್ನೆಯೇ ತಪ್ಪು. "ಒಲಿಂಪಿಕ್ಸಿನ್ಯಾಗ ಯಾವುದು ಗೆದ್ದದ?" ಅಂತ ಕೇಳ್ತಾರೆ. ಮೊರಿನಿ, ಸ್ಟೈಯರ್, ವಾಲ್ಟರ್, ಪಾರ್ಡಿನಿ, ಫೈನ್‌ವೆರ್ಕ್‌ಬಾವ್, ಎಲ್ಲವೂ ಗೆದ್ದಿವೆ. ಇವುಗಳ ನಳಿಗೆಯಲ್ಲಿ ತಪ್ಪು ಹುಡುಕುವಷ್ಟು ಆಟ ನಮ್ಮಲ್ಲಿ ಯಾರದೂ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ನಮ್ಮ ಕೈಗೆ ತಕ್ಕಂತೆ ಬದಲಾಯಿಸಲು ಯಾವುದು ಒಳ್ಳೆಯ ಬುನಾದಿ? ಮನೆ ಕಟ್ಟುವವನು ಬಣ್ಣ ನೋಡಿ ಪ್ಲಾಟು ಕೊಳ್ಳೋದಿಲ್ಲ.

ನನ್ನ ಅನುಭವದಲ್ಲಿ ಹೀಗೆ ನೋಡಬೇಕು:

1. ಯಾವ ಆಟ? ಇದು ಮೊದಲು. ಉದ್ದ ನಳಿಗೆಯ 50 ಮೀಟರ್ ಫ್ರೀ ಪಿಸ್ತೂಲು ನೋಡಿ ಮರುಳಾಗುವವರಿದ್ದಾರೆ, ಟ್ರಿಗರ್ ತೂಕಕ್ಕೆ ಅದರಲ್ಲಿ ಮಿತಿಯೇ ಇಲ್ಲ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರಲ್ಲಿ ರಿಯೋದಲ್ಲಿ ಆಡಿದ್ದು ಅದೇ ಆಟ. ಆ ಒಲಿಂಪಿಕ್ಸ್ ಆದಮೇಲೆ ಅದನ್ನು ಒಲಿಂಪಿಕ್ಸಿನಿಂದಲೇ ತೆಗೆದುಹಾಕಿದರು. 25 ಮೀಟರ್ ಪಿಸ್ತೂಲು ಬೇರೆ: ಅದು .22 ಗುಂಡಿನ ಬಂದೂಕು, ಟ್ರಿಗರ್ 1000 ಗ್ರಾಂ, ಲೈಸೆನ್ಸು ಬೇಕು, ಅದನ್ನು ನನ್ನಂಥವನು ಮುಟ್ಟಲೂ ಬಾರದು. ನಮ್ಮಂಥ ಊರಿನವರಿಗೆ, ಹೊಸಬರಿಗೆ, 10 ಮೀಟರ್ ಏರ್ ಪಿಸ್ತೂಲೇ ಸರಿ. ಮನೆ ಪಡಸಾಲೆ ಉದ್ದ ಇದ್ದರೆ ಅಲ್ಲೇ ಅಭ್ಯಾಸ ಮಾಡಬಹುದು.

2. ಕೈ ಅಳತೆ. ಹಿಡಿಗಳು ಸ್ಮಾಲ್, ಮೀಡಿಯಂ, ಲಾರ್ಜ್ ಅಂತ ಬರುತ್ತವೆ, ಎಡಗೈ ಬಲಗೈ ಬೇರೆ ಬೇರೆ. ಅಂಗಡಿಯಲ್ಲಿ ಮೀಡಿಯಂ ಇದೆ ಅಂತ ಮೀಡಿಯಂ ಕೊಳ್ಳಬೇಡಿ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರ್ ಮೇಲೆ ನೇರ ಕೂರಬೇಕು, ಬೆರಳಿನ ಉಳಿದ ಭಾಗ ಮರಕ್ಕೆ ತಾಗಬಾರದು. ಸಂದೇಹ ಇದ್ದರೆ ಒಂದು ಅಳತೆ ಸಣ್ಣದೇ ಇರಲಿ, ತುಂಬಿಸಬಹುದು. ದೊಡ್ಡದನ್ನು ಕೆತ್ತಲು ಹೋದರೆ ಒಳಗಿನ ಕಬ್ಬಿಣ ಅಡ್ಡ ಬರುತ್ತೆ.

3. ಹಿಡಿಯ ಕೋನ ಬದಲಾಗುತ್ತಾ? ಕೆಲವು ಮಾದರಿಗಳಲ್ಲಿ ತಿರುಪು ಸಡಿಲಿಸಿ ಹಿಡಿಯನ್ನೇ ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ಓರೆ ಮಾಡಬಹುದು. ಇದು ಇರುವ ಹಳೇ ಪಿಸ್ತೂಲು, ಇದಿಲ್ಲದ ಹೊಸದಕ್ಕಿಂತ ಮೇಲು.

4. ಗಾಳಿ ಎಲ್ಲಿಂದ? ಈಗಿನವು ಸಿಲಿಂಡರಿನವು. 200 ಬಾರ್ ಒತ್ತಡ, ಅಂದರೆ ಕಾರಿನ ಟೈರಿಗಿಂತ ಸುಮಾರು ನೂರು ಪಟ್ಟು. ಪಂಕ್ಚರ್ ಅಂಗಡಿಯಲ್ಲಿ ತುಂಬಿಸೋಕಾಗಲ್ಲ, ಬೇರೆ ಪಂಪು ಬೇಕು. ಸಿಲಿಂಡರಿಗೆ ಆಯುಷ್ಯವೂ ಇದೆ, ತಯಾರಾದ ಮೇಲೆ ಹತ್ತು ವರ್ಷ ಅನ್ನೋದು ಸಾಮಾನ್ಯ ಲೆಕ್ಕ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮೊದಲು ಅದರ ಮೇಲಿನ ತಾರೀಕು ನೋಡಿ. ಇನ್ನೊಂದು ದಾರಿ ಹಳೇ ರಷ್ಯನ್ ಬೈಕಾಲ್ ಇಜ್ 46ಎಂ ತರದ್ದು. ಕೆಳಗಿನ ಸನ್ನೆ ಒಂದು ಸಲ ಎಳೆದು ಮಡಚಿದರೆ ಒಂದು ಗುಂಡಿನ ಗಾಳಿ. ಸಿಲಿಂಡರಿಲ್ಲ, ಪಂಪಿಲ್ಲ, ಬ್ಯಾಟರಿಯಿಲ್ಲ. ಹಿಡಿಯ ಮರ ಒರಟು, ಆದರೆ ಅದನ್ನು ಕೆತ್ತಲು ಕೈ ಹೆದರೋದಿಲ್ಲ. ಗಾಳಿ ತುಂಬದೆಯೂ ಟ್ರಿಗರ್ ಏರಿಸಿ ಖಾಲಿ ಅಭ್ಯಾಸ ಮಾಡಬಹುದು. ತೊಂದರೆ ಒಂದೇ: ಪ್ರತಿ ಗುಂಡಿಗೂ ಆ ಸನ್ನೆ ಎಳೀಬೇಕು. ಹೆಣ್ಣುಮಕ್ಕಳ ಆಟ ಮೊದಲು 40 ಗುಂಡು ಇತ್ತು, 2018ರಿಂದ ಅವರಿಗೂ 60. ತೆಳ್ಳನೆ ಕೈಯವರಿಗೆ ಕೊನೆಯ ಇಪ್ಪತ್ತು ಗುಂಡು ಭಾರವಾಗುತ್ತೆ. ಕಲಿಯಲು ಬಂಗಾರ, ದೊಡ್ಡ ಸ್ಪರ್ಧೆಗೆ ಯೋಚಿಸಿ.

5. ಟ್ರಿಗರ್ ಯಂತ್ರದ್ದೋ ಕರೆಂಟಿನದೋ? ಎಲೆಕ್ಟ್ರಾನಿಕ್ ಟ್ರಿಗರ್ ಚೆಂದ, ಗಾಜು ಮುರಿದ ಹಾಗೆ ಬಿಡುತ್ತೆ. ಆದರೆ ಕೆಟ್ಟರೆ? 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ಆಟದ ನಡುವೆಯೇ ಕೈಕೊಟ್ಟಿತು. ರಿಪೇರಿಗೇ ಹದಿನೈದು ನಿಮಿಷಕ್ಕೂ ಹೆಚ್ಚು ಹೋಯಿತು, ಗಡಿಯಾರ ನಿಲ್ಲಲಿಲ್ಲ. 575 ಹೊಡೆದು 12ನೆಯವರಾದರು. ಎಂಟರೊಳಗೆ ಬರಲು ಎರಡೇ ಅಂಕ ಕಡಿಮೆ. ಮೂರು ವರ್ಷ ಆ ನೋವು ನುಂಗಿ 2024ರಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಕಂಚು ತಂದರು, ಅದು ಅವರ ದೊಡ್ಡತನ. ಆದರೆ ನಮ್ಮ ಹುಡುಗಿಯ ಪಿಸ್ತೂಲು ಕೆಟ್ಟರೆ ಕಲಬುರಗಿಯಲ್ಲಿ ಸರಿಮಾಡುವವರು ಯಾರು? ನಾನು! ಹಾಗಾಗಿ ನನ್ನಂಥವನಿಗೂ ಅರ್ಥವಾಗುವ, ತಿರುಪಿನಿಂದ ಹೊಂದುವ ಯಾಂತ್ರಿಕ ಟ್ರಿಗರೇ ನಮಗೆ ಸರಿ.

6. ಯಾರೂ ಕೈ ಹಚ್ಚಿರಬಾರದು. ಇದು ಎಲ್ಲಕ್ಕಿಂತ ದೊಡ್ಡದು. ಸೆಕೆಂಡ್ ಹ್ಯಾಂಡ್ ಕೊಳ್ಳುವುದು ತಪ್ಪಲ್ಲ. ಆದರೆ "ಕಸ್ಟಮ್ ಆಗಿದೆ" ಅಂದರೆ ಬೆಲೆ ಏರಬಾರದು, ಇಳಿಯಬೇಕು. ಅದು ಇನ್ನೊಬ್ಬರ ಹಲ್ಲಿನ ಸೆಟ್ಟು ಇದ್ದ ಹಾಗೆ. ಎಷ್ಟೇ ಚೆಂದ ಮಾಡಿಸಿದ್ದರೂ ನಿಮ್ಮ ಬಾಯಿಗೆ ಕೂರೋದಿಲ್ಲ.

ನಮ್ಮ ಶೆಡ್ಡಿನಲ್ಲಿ ಆಗುವ ಕೆಲಸ

ಆ ಸೋಲಾದ ಮೇಲೆ ಆ ಪಿಸ್ತೂಲನ್ನು ಅದರ ದೋಷ ಹೇಳಿಯೇ, ನಷ್ಟಕ್ಕೆ ಮಾರಿದೆವು. ಭಾವನಿಗೆ ನನ್ನ ಕೈಯಿಂದ ಒಂದಿಷ್ಟು ಸೇರಿಸಿ, ಯಾರೂ ಬಿಚ್ಚದ, ಸಣ್ಣ ಹಿಡಿಯ, ಹೊಳಪಿಲ್ಲದ ಒಂದು ಹಳೇ ಸಿಲಿಂಡರ್ ಪಿಸ್ತೂಲು ಕೊಂಡೆವು. ನೋಡಿದವರೆಲ್ಲ "ಇದೇನು ಡಬ್ಬಾ" ಅಂದರು.

ಆ ಡಬ್ಬಾದ ಮೇಲೆ ನಾವು ಮಾಡಿದ್ದು ಇಷ್ಟೇ. ಬೇರಿಂಗ್ ಕೂರಿಸುವಾಗ ನಾವು ಶಾಫ್ಟಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ ನೋಡ್ತೀವಿ. ಎಲ್ಲಿ ಬಣ್ಣ ಹತ್ತಿತೋ ಅಲ್ಲಿ ತಾಗುತ್ತಿದೆ ಅಂತ ಅರ್ಥ. ಅದೇ ಉಪಾಯ. ನನ್ನ ಹೆಂಡತಿ ದೇವರ ಮನೆಯಿಂದ ಕುಂಕುಮ ತಂದಳು, ಒಂಚೂರು ಎಣ್ಣೆಯಲ್ಲಿ ಕಲಸಿ ಹುಡುಗಿಯ ಅಂಗೈಗೆ ಹಚ್ಚಿದೆವು. ಪಿಸ್ತೂಲು ಹಿಡಿದು, ಕೈ ಎತ್ತಿ, ಒಂದು ನಿಮಿಷ ನಿಂತು, ಬಿಟ್ಟಳು. ಹಿಡಿಯ ಮೇಲೆ ಮೂರೇ ಕಡೆ ಕೆಂಪು! ಹೆಬ್ಬೆರಳ ಬುಡ, ಅಂಗೈಯ ಅಂಚು, ನಡುಬೆರಳು. ಉಳಿದ ಕಡೆಯೆಲ್ಲ ಟೊಳ್ಳು. ಅಂಥ ಹಿಡಿ ಹಿಡಿದು ಅರವತ್ತು ಗುಂಡು ಒಂದೇ ತರ ಹೊಡೆ ಅಂದರೆ ಹೇಗೆ?

ಟೊಳ್ಳು ಇದ್ದ ಕಡೆ ಎಂ-ಸೀಲ್ ತುಂಬಿದೆವು. ಹೌದು, ನಲ್ಲಿ ಪೈಪಿಗೆ ಹಚ್ಚುವ ಅದೇ ಎಂ-ಸೀಲ್. ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ಉಜ್ಜಿದೆವು. ಮತ್ತೆ ಕುಂಕುಮ, ಮತ್ತೆ ತುಂಬು, ಮತ್ತೆ ಉಜ್ಜು. ಹದಿನೈದು ದಿನ. ಒಂದು ಮಾತು ನೆನಪಿಡಿ: ಮೊದಲು ಹಚ್ಚಿ, ಆಮೇಲೆ ಕೆತ್ತಿ. ಹಚ್ಚಿದ್ದನ್ನು ತೆಗೀಬಹುದು, ಕೆತ್ತಿದ್ದು ಮರಳಿ ಬರೋದಿಲ್ಲ.

ಆಮೇಲೆ ಕಣ್ಣು ಮುಚ್ಚುವ ಪರೀಕ್ಷೆ. ಹುಡುಗಿ ಕಣ್ಣು ಮುಚ್ಚಿ ಖಾಲಿ ಪಿಸ್ತೂಲು ಗೋಡೆಯ ಕಡೆ ಎತ್ತಬೇಕು, ಕೈ ಆರಾಮಾದ ಮೇಲೆ ಕಣ್ಣು ಬಿಡಬೇಕು. ಮುಂದಿನ ಸೈಟು ಹಿಂದಿನ ಕಚ್ಚಿನ ನಡುವೆ ತಾನಾಗಿಯೇ ಬಂದು ನಿಂತಿರಬೇಕು. ಮೇಲೆ ಕೆಳಗೆ ಇದ್ದರೆ ಹಿಡಿಯ ಓರೆ ಬದಲಿಸು, ಎಡ ಬಲ ಇದ್ದರೆ ಹಿಡಿಯನ್ನು ತಿರುಗಿಸು. ಕೈಯನ್ನು ಸೈಟಿಗೆ ಬಗ್ಗಿಸಬಾರದು, ಸೈಟು ಕೈಗೆ ಬರಬೇಕು.

ಇದಕ್ಕೂ ಗೆರೆಗಳಿವೆ, ದಾಟಬಾರದು. ಹಿಡಿ ಕೈಯನ್ನು ಸುತ್ತುವರಿಯಬಾರದು, ಅಂಗೈಯಿಂದಾಚೆ ಹೋಗಿ ಮಣಿಕಟ್ಟಿಗೆ ಆಸರೆ ಆಗಬಾರದು, ಮಣಿಕಟ್ಟು ಕಣ್ಣಿಗೆ ಕಾಣುವಂತೆ ಬಿಡುವಾಗಿರಬೇಕು. ಕೆಳಗಿನ ತಟ್ಟೆ ಹಿಡಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಕೈ ಹಿಸುಕುವಂತೆ ಇರಬಾರದು, ಅಂಚು ಮೇಲಕ್ಕೆ ಬಾಗಬಾರದು. ಹೆಬ್ಬೆರಳು ಮೇಲಕ್ಕೆ ಸಲೀಸಾಗಿ ಏಳಬೇಕು. ಪಿಸ್ತೂಲು ಪೂರ್ತಿ 420 × 200 × 50 ಮಿ.ಮೀ. ಪೆಟ್ಟಿಗೆಯೊಳಗೆ ಕೂರಬೇಕು, ತೂಕ 1500 ಗ್ರಾಂ ದಾಟಬಾರದು. ನಾನು ಪ್ಲೈವುಡ್ಡಿನಲ್ಲಿ ಅದೇ ಅಳತೆಯ ಪೆಟ್ಟಿಗೆ ಮಾಡಿ ಶೆಡ್ಡಿನಲ್ಲಿ ಇಟ್ಟಿದ್ದೀನಿ. ಎಂ-ಸೀಲ್ ಮೆತ್ತಿದ ಪ್ರತಿ ಸಲವೂ ಅದರಲ್ಲಿ ಇಟ್ಟು ನೋಡೋದು. ಕಿರಾಣಿ ತಕ್ಕಡಿಗೆ ಕೈ ಮುಗಿದು, ಸರಿಯಾದ 500 ಗ್ರಾಂ ಪರೀಕ್ಷೆ ತೂಕವನ್ನೂ ತರಿಸಿದೆ.

ಇನ್ನು "ಪವರ್ ಹೆಚ್ಚಿಸಿ ಕೊಡ್ರಿ" ಅಂತ ಬರುವವರಿಗೆ: ಬಾಗಿಲು ಅಲ್ಲಿದೆ. ಸ್ಪರ್ಧೆಯ ಪೆಲೆಟ್ ಅರ್ಧ ಗ್ರಾಮಿನ ಆಸುಪಾಸು, ವೇಗ ಸೆಕೆಂಡಿಗೆ 150 ಮೀಟರ್ ಆಸುಪಾಸು, ಶಕ್ತಿ ಆರು ಜೂಲ್ ಕೂಡ ಮುಟ್ಟೋದಿಲ್ಲ. ಕಾಗದಕ್ಕೆ ದುಂಡನೆ ತೂತು ಮಾಡಲು ಅಷ್ಟು ಸಾಕು. ಪವರ್ ಏರಿಸಿದರೆ ಸ್ಕೋರು ಏರೋದಿಲ್ಲ, ಪಿಸ್ತೂಲು ಕೆಡುತ್ತೆ, ಕಾನೂನಿನ ಮುಂದೆ ನೀವೂ ಕೆಡ್ತೀರಿ. 200 ಬಾರಿನ ಸಿಲಿಂಡರಿಗೆ ನಾನು ಸ್ಪ್ಯಾನರ್ ಹಚ್ಚಿದರೆ ನಂದೂರಿನಲ್ಲಿ ನನ್ನ ಶೆಡ್ಡು ಉಳಿಯೋದೂ ಅನುಮಾನ.

ಕೊನೆ ಮಾತು

ಅಂಕ ಎಷ್ಟು ಏರಿತು ಅಂತ ಕೇಳ್ತೀರಿ. ಹೇಳೋದಿಲ್ಲ, ದೃಷ್ಟಿ ಆಗುತ್ತೆ. ಇಷ್ಟು ಹೇಳ್ತೀನಿ: ಅದೇ ಹುಡುಗಿ, ಅದೇ ಕೈ, ಪಿಸ್ತೂಲು ಮೊದಲಿನದಕ್ಕಿಂತ ಅಗ್ಗದ್ದು. ಎಡಕ್ಕೆ ಹೋಗುತ್ತಿದ್ದ ಗುಂಪು ನಡುವಿಗೆ ಬಂತು. ಎರಡು ತಿಂಗಳ ಹಿಂದೆ ಮತ್ತೊಂದು ಸ್ಪರ್ಧೆಗೆ ಹೋದೆವು. ಆಟ ಮುಗಿದ ಮೇಲೆ ತಪಾಸಣೆಗೆ ಕರೆದರು. ನನ್ನ ಕಾಲು ನಡುಗುತ್ತಿದ್ದವು. ಅವಳು ಮಾತ್ರ ನಗುತ್ತಾ ನಿಂತಿದ್ದಳು. ತೂಕ ಮೊದಲನೇ ಸಲಕ್ಕೇ ಎತ್ತಿತು. "ಮಾಮಾ, ಉಸರು ಬಿಡು ಈಗ" ಅಂದಳು.

"ನಮ್ಮ ಕಡೆ ಏನೂ ಇಲ್ಲ, ಎಲ್ಲಾ ಬೆಂಗಳೂರಿನ್ಯಾಗ ಅದ" ಅನ್ನೋದು ಕಲಬುರಗಿಯವರ ಹಳೇ ಹಾಡು. ಅರ್ಧ ಖರೆ. ನಳಿಗೆ ಮಾಡೋದು ನಮಗೆ ಬರೋದಿಲ್ಲ, ಒಪ್ಪಿದೆ. ಆದರೆ ಮರ ಉಜ್ಜಲು, ಟೊಳ್ಳು ತುಂಬಲು, ಕೈ ನೋಡಿ ಹಿಡಿ ಕೂರಿಸಲು ಜರ್ಮನಿಗೆ ಹೋಗಬೇಕೇನ್ರಿ? ಗುದ್ದಲಿ ಕಾವು, ಕುರ್ಚಗಿ ಹಿಡಿ, ಕೊಡಲಿ ಕಾವು, ಎಲ್ಲವನ್ನೂ ಹಿಡಿಯುವವನ ಕೈ ನೋಡಿಯೇ ನಮ್ಮ ಬಡಿಗೇರು ಮಾಡಿಕೊಟ್ಟಿದ್ದಾರೆ. ಎತ್ತರದವನ ಕಾವು ಗಿಡ್ಡನವನಿಗೆ ಕೊಟ್ಟು "ನಿನಗ ಅಗೆಯಾಕ ಬರಂಗಿಲ್ಲ" ಅಂತ ಯಾವ ರೈತನೂ ಬೈದಿಲ್ಲ. ಕಬ್ಬಿಣ ಕಾರ್ಖಾನೆಯದು ಇರಲಿ. ಹಿಡಿ ಮಾತ್ರ ನಮ್ಮ ಕೈಯದೇ ಆಗಿರಲಿ.

ಇನ್ನೊಬ್ಬರ ಕೈಗೆ ಕೆತ್ತಿದ್ದಕ್ಕೆ ಹೆಚ್ಚು ದುಡ್ಡು ಕೊಟ್ಟು, ಅದಕ್ಕೆ ನಮ್ಮ ಮಕ್ಕಳ ಬೆರಳು ಹಿಗ್ಗಿಸಬೇಡಿ. ನಾನು ಒಮ್ಮೆ ಹಿಗ್ಗಿಸಿದೀನಿ, ಆ 'ಟಕ್' ಇವತ್ತಿಗೂ ಕಿವಿಯಲ್ಲಿದೆ.

ಬೈಯೋದಿದ್ದರೆ ಬೈರಿ, ಕೇಳ್ತೀನಿ. ಆದರೆ ಬೈಯುವ ಮೊದಲು ಒಂಚೂರು ಕುಂಕುಮ ಹಚ್ಚಿಕೊಂಡು ನಿಮ್ಮ ಪಿಸ್ತೂಲು ಹಿಡಿದು ನೋಡ್ರಿ. ಎಷ್ಟು ಕಡೆ ಕೆಂಪಾಯಿತು ಅಂತ ಬರೀರಿ. ಆಮೇಲೆ ಜಗಳ ಆಡೋಣ.